ಒಂದು ತುಣುಕು ಕಡಿಮೆ

ಬುಧವಾರ, ಮಾರ್ಚ್ 5, 2025. ಶಹಾಬಾದ

ಇಂದಿನಿಂದ ಈಸ್ಟರ್ ಹಬ್ಬಕ್ಕೆ ಮುಂಚಿನ ಶ್ರಮೆಯ ಕಾಲದ ನಲವತ್ತು ದಿನ. ಶಾಲೆಗೆ ಹೊರಡುವ ಮುಂಚೆ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದೆ. ಹೊತ್ತು ಮುಳುಗಿದ ಮೇಲೆ ಒಂದೇ ಊಟ. ಚಹಾ ಇಲ್ಲ. ಮಧ್ಯಾಹ್ನ ಚರ್ಚಿನಲ್ಲಿ ಒಂದು ತಾಸು ಮೊಣಕಾಲೂರಿ ಪ್ರಾರ್ಥನೆ. ಯಾರ ಬಗ್ಗೆಯೂ ಕೆಟ್ಟ ಮಾತಿಲ್ಲ. ತಂಗಿ ಪ್ರೀತಿಯ ಫೋನು ಬಂದರೆ ಎತ್ತುವುದಿಲ್ಲ. ಕಳೆದ ವರ್ಷ ಮೂರು ಸಲ ಎತ್ತಿಬಿಟ್ಟಿದ್ದೆ. ಈ ಸಲ ತಪ್ಪಬಾರದು.

ಪ್ರೀತಿ ಆರು ವರ್ಷದಿಂದ ಚಿತ್ತಾಪುರದಲ್ಲಿ ಸಾಯಿಕುಮಾರನೆಂಬವನ ಮನೆಯಲ್ಲಿದ್ದಾಳೆ. ಅವನಿಗೆ ಪಾಸ್ಟರರ ಮುಂದೆ ಉಂಗುರ ತೊಡಿಸಿದ ಹೆಂಡತಿ ಇದ್ದಾಳೆ, ಮಳಖೇಡದ ಉಮಾದೇವಿ. ವಿಚ್ಛೇದನದ ಕೇಸು ಇನ್ನೂ ಮುಗಿದಿಲ್ಲ. ಹೀಗಿರುವಾಗ ನಮ್ಮ ಚರ್ಚಿನ ಸಭೆ ಸುಮ್ಮನಿರಲು ಬರುತ್ತದೆಯೇ? ಅವಳನ್ನು ಕರ್ತನ ಭೋಜನದಿಂದ, ಎಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸದಿಂದ ದೂರವಿಟ್ಟರು. ಸಭೆಯ ಕಾರ್ಯದರ್ಶಿಯಾದ್ದರಿಂದ ಆ ಠರಾವನ್ನು ಶಿಸ್ತಿನ ಪುಸ್ತಕದಲ್ಲಿ ಬರೆದವಳು ನಾನೇ. ತಂಗಿಯೆಂದು ಒಂದು ಮಾತೂ ಕಡಿಮೆ ಮಾಡಲಿಲ್ಲ. ಆದರೂ ಅವಳು ಪ್ರತಿ ತಿಂಗಳ ಮೊದಲ ರವಿವಾರ ವಾಡಿಯಲ್ಲಿ ಗಾಡಿ ಬದಲಿಸಿ ಬರುತ್ತಾಳೆ. ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂಡುತ್ತಾಳೆ. ಎಲ್ಲರೂ ಭೋಜನದ ಮೇಜಿನ ಮುಂದಿರುವ ಕಟಕಟೆಯ ಹತ್ತಿರ ಮೊಣಕಾಲೂರಿದಾಗ ತಲೆ ತಗ್ಗಿಸಿರುತ್ತಾಳೆ. ಆಮೇಲೆ ಹೋಗುತ್ತಾಳೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲಾರೆ. ಭೋಜನದ ರೊಟ್ಟಿ ಮಾಡುವುದು ನಾನು. ಆರಾಧನೆ ಶುರುವಾದ ಮೇಲೆ ಭೋಜನ ತೆಗೆದುಕೊಳ್ಳುವವರ ತಲೆ ಎಣಿಸಿ ಪಕ್ಕದ ಕೋಣೆಯಲ್ಲಿ ಅಷ್ಟೇ ತುಣುಕು ಕತ್ತರಿಸುತ್ತೇನೆ. ಒಂದು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು, ಅದು ನನಗಿಂತ ಮುಂಚೆ ಕಾರ್ಯದರ್ಶಿಯಾಗಿದ್ದ ಅಪ್ಪ ಹಾಕಿಕೊಟ್ಟ ಕ್ರಮ. ತಟ್ಟೆ ಹಿಡಿಯುವ ನಾನು ಎಲ್ಲರಿಗಿಂತ ಕೊನೆಗೆ ತೆಗೆದುಕೊಳ್ಳಬೇಕು. ಮೊನ್ನೆ ಮೂವತ್ತೊಂಬತ್ತು ಎಣಿಸಿ, ಮೂವತ್ತೊಂಬತ್ತು ಕತ್ತರಿಸಿದ್ದೆ. ನನ್ನ ಸರದಿ ಬಂದಾಗ ತಟ್ಟೆ ಖಾಲಿ. ಹೋದ ತಿಂಗಳೂ ಹಾಗೆಯೇ, ಅದರ ಹಿಂದಿನ ತಿಂಗಳೂ ಹಾಗೆಯೇ. ಎಷ್ಟೋ ವರ್ಷವಾಯಿತು. ಎಣಿಕೆಯಲ್ಲಿ ನಾನೇ ತಪ್ಪುತ್ತಿರಬೇಕು. ರೊಟ್ಟಿ ಬಾಯಲ್ಲಿದ್ದವಳಂತೆ ತಲೆ ತಗ್ಗಿಸಿ, ದ್ರಾಕ್ಷಾರಸ ಮಾತ್ರ ಕುಡಿದು ಏಳುತ್ತೇನೆ.

ಉಪವಾಸ: ಆಯಿತು. ಪ್ರಾರ್ಥನೆ: ಒಂದು ತಾಸು. ಫೋನು: ಬರಲಿಲ್ಲ.

ರವಿವಾರ, ಮಾರ್ಚ್ 9

ಆರಾಧನೆಯ ನಂತರ ಕಮಿಟಿ ಕೂಡಿತು. ಹಿರಿಯರಾದ ಭಾಗಣ್ಣ ಕಾಕಾ ಪ್ರೀತಿಯ ವಿಷಯ ತೆಗೆದರು. ಈಸ್ಟರ್ ಒಳಗೆ ಅವಳು ಆ ಮನೆ ಬಿಡದಿದ್ದರೆ ಸಭೆಯ ಪಟ್ಟಿಯಿಂದಲೇ ಹೆಸರು ತೆಗೆಯಬೇಕು ಎಂದರು. ಹೆಸರು ತೆಗೆದರೆ ಆರಾಧನೆಗೂ ಹಕ್ಕಿಲ್ಲ, ಸತ್ತರೆ ನಮ್ಮ ಸ್ಮಶಾನದಲ್ಲಿ ಜಾಗವೂ ಇಲ್ಲ.

ಪಾಸ್ಟರ್ ಸುರೇಶಕುಮಾರ ಅಯ್ಯನವರು ಹೋದ ವರ್ಷವಷ್ಟೇ ಬಂದವರು, ವಯಸ್ಸು ಇನ್ನೂ ಸಣ್ಣದು. ಮೆಲ್ಲಗೆ, "ಕೃಪೆಗೂ ಒಂದ್ ಜಾಗ ಇರಬೇಕಲ್ರಿ," ಎಂದರು.

"ಇರ್ಲಿ ಅಯ್ಯನೋರ," ಎಂದರು ಭಾಗಣ್ಣ ಕಾಕಾ. "ಗ್ವಾಡಿ ಇಲ್ದ ಮನಿಗಿ ಬಾಗಿಲ ಇಟ್ರ ಏನ್ ಉಪಯೋಗ ಹೇಳ್ರಿ. ಇವತ್ತ ಆಕಿಗಿ ಬಿಟ್ರ ನಾಳಿ ಯಾರಿಗಿ ತಡೀತೀರಿ? ಆ ಉಮಾದೇವಿ ಅನ್ನಾಕಿನೂ ಒಂದು ಹೆಣ್ಮಗಳ ಅದಾಳ."

ಮಾತು ಸರಿಯಾಗಿತ್ತು. ನೋಟಿಸನ್ನು ಅಲ್ಲೇ ಕೂತು ಬರೆದೆ. ಒಂದು ಅಕ್ಷರವೂ ಸೊಟ್ಟಗಾಗಲಿಲ್ಲ. ಕೈಯಾರೆ ಮುಟ್ಟಿಸಿ ಸಹಿ ತರುವ ಕೆಲಸವನ್ನೂ ನನಗೇ ಕೊಟ್ಟರು. ಹೊರಡುವಾಗ ಕಾಕಾ, "ನೀ ನಿಮ್ಮಪ್ಪನ ಮಗಳು ಖರೆ," ಎಂದರು. ಮನೆಗೆ ಬರುವವರೆಗೂ ಆ ಮಾತು ಕಿವಿಯಲ್ಲಿತ್ತು.

ಉಪವಾಸ: ಆಯಿತು. ಪ್ರಾರ್ಥನೆ: ಒಂದು ತಾಸು ಹತ್ತು ನಿಮಿಷ. ಫೋನು: ಎರಡು ಸಲ ಬಂತು, ಎತ್ತಲಿಲ್ಲ.

ಶನಿವಾರ, ಮಾರ್ಚ್ 15

ಶಾಲೆ ಬೆಳಿಗ್ಗೆಯದು. ಹನ್ನೆರಡೂವರೆಗೆ ಚರ್ಚಿಗೆ ಹೋದೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಈ ಊರಿನ ಕಲ್ಲೇ ಹಾಗೆ, ಕಾದರೆ ಸಂಜೆಯಾದರೂ ಆರುವುದಿಲ್ಲ. ಝಳ ಬರಬಾರದೆಂದು ಬಾಗಿಲು ಮುಚ್ಚಿ ಒಳಗಿನಿಂದ ಅಗುಳಿ ಹಾಕಿ, ಕಟಕಟೆಯ ಮುಂದೆ ಮೊಣಕಾಲೂರಿದೆ.

ಸ್ವಲ್ಪ ಹೊತ್ತಿಗೆ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ದಣಿದವರು ಕೂತ ಕೂಡಲೇ ಬಿಡುವ ಉಸಿರು. ತಿರುಗಿ ನೋಡಿದೆ. ಕೊನೆಯ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ತಲೆಯ ಮೇಲೆ ಸೆರಗು. ಮುಖ ಕೆಳಗೆ. ತೊಡೆಯ ಮೇಲೆ ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ ಇಟ್ಟುಕೊಂಡಿದ್ದಳು, ಏನನ್ನೋ ಕೊಡುತ್ತಾರೆಂದು ಕಾಯುವವರ ಹಾಗೆ.

ನೆರಳಿಗೆಂದು ಬಂದವಳು ಅಂದುಕೊಂಡೆ. "ಯಾರ್ರಿ?" ಎಂದೆ. ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ ಸೀರೆಯ ಅಂಚು ಕಾಲಿಗೆ ಸಿಕ್ಕಿತು. ಬಗ್ಗಿ ಬಿಡಿಸಿಕೊಂಡೆ. ತಲೆ ಎತ್ತಿದಾಗ ಬೆಂಚು ಖಾಲಿ.

ಬಾಗಿಲ ಅಗುಳಿ ಹಾಕಿದಂತೆಯೇ ಇತ್ತು. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ನೆಲದ ಧೂಳಿನಲ್ಲಿ ನನ್ನ ಹೆಜ್ಜೆ ಬಿಟ್ಟು ಬೇರೆ ಇರಲಿಲ್ಲ. ಬೆಂಚು ಮುಟ್ಟಿ ನೋಡಿದೆ. ಉಳಿದ ಬೆಂಚುಗಳೆಲ್ಲ ಕಾದಿದ್ದವು. ಅದೊಂದು, ಅವಳು ಕೂತಿದ್ದಷ್ಟು ಅಗಲ ಮಾತ್ರ, ನೀರಿನ ಮಡಕೆಯ ಹಾಗೆ ತಣ್ಣಗಿತ್ತು.

ಹತ್ತು ದಿನದ ಉಪವಾಸ, ಬಿಸಿಲು. ತಲೆ ತಿರುಗಿರಬೇಕು.

ಉಪವಾಸ: ಆಯಿತು. ಪ್ರಾರ್ಥನೆ: ಮುಗಿಸಲಾಗಲಿಲ್ಲ.

ಮಂಗಳವಾರ, ಮಾರ್ಚ್ 18

ಇವತ್ತೂ ಇದ್ದಳು. ನಾನು ತಿರುಗಲಿಲ್ಲ. ತಿರುಗದೆಯೇ ಗೊತ್ತಾಯಿತು, ಬೆನ್ನಿಗೆ ತಂಪು ತಾಕುತ್ತಿತ್ತು. ಒಂದು ತಾಸು ಕಣ್ಣು ಮುಚ್ಚಿಕೊಂಡೇ ಇದ್ದೆ. ಪ್ರಾರ್ಥನೆಯ ಒಂದು ಮಾತೂ ನೆನಪಾಗಲಿಲ್ಲ.

ಪ್ರೀತಿಯೇ ಯಾರಿಗೂ ಹೇಳದೆ ಬಂದು ಕೂಡುತ್ತಿರಬಹುದೇ? ಹೇಗಿದ್ದರೂ ನೋಟಿಸು ಕೊಡಬೇಕು. ರವಿವಾರ ಹೋಗಿ ಕೇಳುತ್ತೇನೆ.

ರವಿವಾರ, ಮಾರ್ಚ್ 23

ಚಿತ್ತಾಪುರಕ್ಕೆ ಹೋಗಿ ಬಂದೆ. ಆರು ವರ್ಷದಲ್ಲಿ ಮೊದಲ ಸಲ ಆ ಮನೆಯ ಬಾಗಿಲಿಗೆ ನಿಂತದ್ದು. ಸಾಯಿಕುಮಾರ ನನ್ನನ್ನು ನೋಡಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿಬಿಟ್ಟ. ಅಲ್ಲಿ ಅವನು ಕೆಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಾನೆ.

"ಅಕ್ಕಾ, ಒಳಗ ಬಾ. ಎಷ್ಟು ಸೊರಗಿದಿ," ಎಂದಳು ಪ್ರೀತಿ. ನಾನು ಹೊಸ್ತಿಲು ದಾಟಲಿಲ್ಲ. ಅವಳು ನೋಟಿಸನ್ನು ಎರಡು ಸಲ ಓದಿದಳು.

"ಮನಿ ಬಿಟ್ಟು ಎಲ್ಲಿ ಹೋಗ್ಲಿ? ನಿನ್ನ ಮನಿಗಿ ಬರ್ಲೇನು?"

ನಾನು ಸಹಿಗೆಂದು ಪೆನ್ನು ಚಾಚಿದೆ.

"ಉಮಾದೇವಿ ಒಂದು ಸಹಿ ಹಾಕಿದ್ರ ಕೇಸ್ ಮುಗೀತದ ಅಕ್ಕಾ. ಆಕಿ ಹಠ ಹಿಡದಾಳ." ಹೀಗೆ ಹೇಳುತ್ತಲೇ ನೋಟಿಸಿನ ಕೆಳಗೆ ಸಹಿ ಮಾಡಿ ಕೊಟ್ಟಳು.

ಹದಿನೈದನೇ ತಾರೀಖು ಶನಿವಾರ ಶಹಾಬಾದಿಗೆ ಬಂದಿದ್ದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಹೊರಡಲು ತಿರುಗಿದಾಗ ಹಿಂದಿನಿಂದ ಕರೆದಳು.

"ನೀ ಮಾತಾಡಲ್ಲ, ಫೋನ್ ಎತ್ತಲ್ಲ, ಅದಕ್ಕೆಲ್ಲ ನನಗ ಬೇಜಾರಿಲ್ಲ ಅಕ್ಕಾ. ಮಂದಿ ಮುಂದ ನೀ ಹಂಗ ಇರಬೇಕಾಗ್ತದ. ಆದ್ರ ಒಂದ್ ತಿಂಗಳೂ ತಪ್ಪಿಸ್ದೆ ರೊಟ್ಟಿ ತಂದು ಕೊಟ್ಟಿಯಲ್ಲ, ಅದ್ರ ಮ್ಯಾಲೇ ನಾ ಬದುಕೀನಿ."

"ಯಾವ ರೊಟ್ಟಿ?"

ಅವಳು ನಕ್ಕಳು, ನಾನು ನಾಟಕ ಮಾಡುತ್ತಿದ್ದೇನೆಂದು ತಿಳಿದು. "ಎಲ್ಲಾರೂ ಮುಂದ ಹೋಗಿ ತಲಿ ತಗ್ಗಿಸಿದಾಗ ನನ್ನ ಕೈಯಾಗ ಒಂದು ತುಣುಕು ಇಡ್ತಿಯಲ್ಲ. ನಾ ತಲಿ ಎತ್ತಿ ನೋಡಿಲ್ಲ, ನಿನಗ ತ್ರಾಸ ಆಗಬಾರದಂತ. ಆದ್ರ ನಿನ್ನ ಕೈ ನನಗ ಗುರ್ತ ಇಲ್ಲೇನು? ಉದ್ದನ ಬೆರಳು, ಹಿಟ್ಟಿನ ವಾಸನಿ. ಭಾಳ ತಣ್ಣಗ ಇರ್ತದ, ಅದೊಂದೇ."

ಆ ಹೊತ್ತಿನಲ್ಲಿ ನಾನು ಪಾಸ್ಟರರ ಪಕ್ಕದಲ್ಲಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು ನಿಂತಿರುತ್ತೇನೆ. ಇದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಎಂದಿನಿಂದ ಎಂದು ಮಾತ್ರ ಕೇಳಿದೆ. "ಮೊದಲನೇ ತಿಂಗಳಿನಿಂದ," ಎಂದಳು.

ರೈಲಿನಲ್ಲಿ ಕೂತು ನನ್ನ ಕೈಗಳನ್ನೇ ನೋಡುತ್ತಾ ಬಂದೆ. ಹಾಗಾದರೆ ಆರು ವರ್ಷ ಅವಳು ತಿಂದದ್ದು ನನ್ನ ಪಾಲು. ಕೊಟ್ಟವರು ಯಾರು? ನಾನು ಸಣ್ಣವಳಿದ್ದಾಗಿಂದ ಎಲ್ಲರೂ ಹೇಳುತ್ತಿದ್ದರು, ಸುಜಾತಾಳ ಮುಖ ಅಪ್ಪನದು, ಕೈ ಮಾತ್ರ ಅವ್ವನದು ಎಂದು.

ಉಪವಾಸ ಆಯಿತು. ಊಟದ ನೆನಪೇ ಆಗಲಿಲ್ಲ.

ಸೋಮವಾರ, ಮಾರ್ಚ್ 24

ಅವ್ವ ಭೀಮಬಾಯಿ ತೀರಿಕೊಂಡು ಇಪ್ಪತ್ತೊಂದು ವರ್ಷ. ಚರ್ಚಿನಲ್ಲಿ ಅವಳು ಕೊನೆಯ ಬೆಂಚಿನಲ್ಲೇ ಕೂಡುತ್ತಿದ್ದಳು. ಕೂಸು ಅತ್ತರೆ ಎತ್ತಿಕೊಂಡು ಹೊರಗೆ ಹೋಗಲು ಅನುಕೂಲ ಎಂದು ಅಪ್ಪ ಹೇಳಿದ್ದರು. ಆ ಕೂಸು ಪ್ರೀತಿ. ಪ್ರೀತಿಗೆ ಹದಿನೇಳಾದಾಗಲೂ ಅವ್ವ ಅಲ್ಲೇ ಕೂಡುತ್ತಿದ್ದಳು. ಯಾಕೆ ಎಂದು ನಾನು ಒಂದು ಸಲವೂ ಕೇಳಲಿಲ್ಲ.

ಸಂಜೆ ಅಪ್ಪನ ಟ್ರಂಕಿನ ತಳದಿಂದ ಹಳೆಯ ಶಿಸ್ತಿನ ಪುಸ್ತಕ ತೆಗೆದೆ. 1989ರ ಆಗಸ್ಟ್ ತಿಂಗಳು. ಅಪ್ಪನ ದುಂಡನೆಯ ಅಕ್ಷರ: "ಭೀಮಬಾಯಿ. ಕೂಸಿಗೆ ತಾಯತ ಕಟ್ಟಿಸಿದ ಕಾರಣ ಭೋಜನದಿಂದ ದೂರ. ಪಶ್ಚಾತ್ತಾಪ ಪಡುವವರೆಗೆ." ಪಕ್ಕದಲ್ಲಿ ತಿರುಗಿ ಸೇರಿಸಿಕೊಂಡ ತಾರೀಖು ಬರೆಯುವ ಜಾಗ ಇದೆ. ಅಲ್ಲಿ ಏನೂ ಇಲ್ಲ.

ಇದಕ್ಕಿಂತ ಹೆಚ್ಚು ಇವತ್ತು ಬರೆಯಲಾರೆ.

ರವಿವಾರ, ಮಾರ್ಚ್ 30

ಉಮಾದೇವಿಯಿಂದ ಒಂದು ಸಹಿ ಹಾಕಿಸಿಬಿಟ್ಟರೆ ಎಲ್ಲಕ್ಕೂ ದಾರಿಯಾಗುತ್ತದೆ ಅನ್ನಿಸಿತು. ಆರಾಧನೆ ಮುಗಿದ ಕೂಡಲೇ ಮಳಖೇಡಕ್ಕೆ ಹೊರಟೆ. ಬಸ್ಸಿಳಿದು ಕಾಗಿಣಾ ಹೊಳೆಯ ಕಡೆಯ ಓಣಿಯಲ್ಲಿ ನಡೆದೆ. ಹೊಳೆಯಲ್ಲಿ ನೀರು ತಳ ಸೇರಿತ್ತು. ಕೋಟೆಯ ಗೋಡೆಯ ನೆರಳಿನಲ್ಲಿ ಒಂದು ನಾಯಿ ಮಲಗಿತ್ತು. ಅದು ಎದ್ದಿತು, ಆದರೆ ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ನೋಡಿ ಬಾಲ ಮಡಿಚಿಕೊಂಡು ದೂರ ಸರಿಯಿತು.

ಉಮಾದೇವಿ ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನನ್ನ ವಯಸ್ಸಿಗಿಂತ ಹತ್ತು ವರ್ಷ ಸಣ್ಣವಳು, ಕೂದಲು ಆಗಲೇ ಬೆಳ್ಳಗೆ. ಕುಂದ್ರಿ ಎಂದು ಒಳಗೆ ಹೋಗಿ ಎರಡು ಗ್ಲಾಸು ನೀರು ತಂದಳು. ಒಂದು ನನಗೆ ಕೊಟ್ಟಳು. ಇನ್ನೊಂದನ್ನು ಹಿಡಿದು ಬಾಗಿಲ ಕಡೆ ನೋಡಿದಳು.

"ಆ ಅವ್ವನೋರು ಎಲ್ಲಿ ಹೋದ್ರು?"

"ಯಾರು?"

"ನಿಮ್ಮ ಹಿಂದ ಬರಾಕತ್ತಿದ್ರಲ್ಲ, ತಲಿ ಮ್ಯಾಲ ಸೆರಗ ಹೊತ್ಕೊಂಡು."

ನಾನು ಒಬ್ಬಳೇ ಬಂದೆ ಎಂದೆ. ಅವಳು ನನ್ನನ್ನು ಒಂದು ಕ್ಷಣ ನೋಡಿ, ಆ ಗ್ಲಾಸನ್ನು ಹೊಸ್ತಿಲ ಪಕ್ಕ ಇಟ್ಟಳು.

ನಾನು ಯಾರೆಂದು ಹೇಳಿದೆ. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಬಟ್ಟೆಯನ್ನು ಸೂಜಿಯ ಕೆಳಗಿನಿಂದ ಬಿಡಿಸಿ ಮಡಿಚಿಟ್ಟಳು.

"ಸಹಿ ಹಾಕಾಕ ನನಗೇನ್ ತಕರಾರ ಇಲ್ರಿ ಅಕ್ಕನೋರ. ಆ ಮನುಷ್ಯ ನನಗ ಬ್ಯಾಡ. ಆದ್ರ ಅವನ ಅರ್ಜಿದಾಗ ಏನ್ ಬರಿಸ್ಯಾನ ಗೊತ್ತದೇನು? ನಾ ಮತ್ತೊಬ್ಬನ ಸಂಗಟ ಓಡಿ ಹೋಗಿದ್ದೆ ಅಂತ. ನಾ ಈ ಓಣಿ ಬಿಟ್ಟು ಎಲ್ಲಿ ಹೋಗೀನಿ? ಬಿಟ್ಟು ಹೋದಾಂವ ಅವನು. ಆ ಕಾಗದಕ್ಕ ಸಹಿ ಮಾಡಿದ್ರ ಆ ಸುಳ್ಳಿಗೂ ಸಹಿ ಮಾಡ್ದಂಗ. ಅದಕ್ಕ ಆರು ವರ್ಷ ಕೋರ್ಟಿಗಿ ತಿರಗಾಕತ್ತೀನಿ."

ನನ್ನ ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟೆ.

"ನಿಮ್ಮ ಸಭಾದಾಗ ನಿಮ್ಮ ತಂಗಿಗಿ ಶಿಕ್ಷೆ ಕೊಟ್ಟೀರಂತ ಕೇಳೀನಿ. ಕೊಡ್ರಿ, ನ್ಯಾಯ ಅದ. ಆದ್ರ ನನ್ನ ಸಲುವಾಗಿ ಕೊಟ್ಟ ಶಿಕ್ಷಾ ಅದು, ಹೌದಲ್ಲ? ಆರು ವರ್ಷದಾಗ ಒಬ್ಬರಾದ್ರೂ ನನ್ನ ಬಾಗಿಲಿಗಿ ಬಂದು, ನೀ ಹ್ಯಾಂಗ ಅದೀಯವ್ವ ಅಂತ ಕೇಳೀರೇನು? ನಿಮ್ಮ ಪುಸ್ತಕದಾಗ ಆಕಿ ಹೆಸರು ಅದ. ನನ್ನ ಹೆಸರು ಎಲ್ಲಿ ಅದ?"

ಎಲ್ಲಿಯೂ ಇಲ್ಲ. ಆ ಪುಸ್ತಕ ಬರೆದವಳು ನಾನು, ನನಗೆ ಗೊತ್ತು.

ಅಡಿಗೆ ಮನೆಯಿಂದ ರೊಟ್ಟಿ, ಹಿಂಡಿಪಲ್ಯ ತಂದು ಮುಂದಿಟ್ಟಳು. ಬಿಸಿಲಿನಲ್ಲಿ ಬಂದವರು ಹಾಗೇ ಹೋಗಬಾರದು ಎಂದಳು. ತಿಂದೆ. ಹೊರಡುವಾಗ ಹೊಸ್ತಿಲ ಪಕ್ಕದ ಗ್ಲಾಸು ನೋಡಿದೆ. ಅರ್ಧ ಖಾಲಿಯಾಗಿತ್ತು. ಬಿಸಿಲಿಗೆ ಅಷ್ಟು ಬೇಗ ಆರುವುದಿಲ್ಲ. ಉಮಾದೇವಿಯೂ ನೋಡಿದಳು.

ರವಿವಾರ, ಏಪ್ರಿಲ್ 6

ತಿಂಗಳ ಮೊದಲ ರವಿವಾರ. ಪ್ರೀತಿ ಬರಲಿಲ್ಲ. ನೋಟಿಸಿನ ನಂತರ ಬರಲು ಧೈರ್ಯವಾಗಲಿಲ್ಲವೇನೋ. ಮೂವತ್ತೇಳು ಎಣಿಸಿದೆ, ಮೂವತ್ತೇಳು ಕತ್ತರಿಸಿದೆ. ಕೊನೆಗೆ ತಟ್ಟೆಯಲ್ಲಿ ಒಂದು ಉಳಿದಿತ್ತು. ಆರು ವರ್ಷದಲ್ಲಿ ಮೊದಲ ಸಲ ನನ್ನ ತುಣುಕು.

ತೆಗೆದುಕೊಂಡು ತಲೆ ಎತ್ತಿದೆ. ಕೊನೆಯ ಬೆಂಚಿನಲ್ಲಿ ಆ ಸೆರಗು ಹೊತ್ತವಳಿದ್ದಳು. ಹಗಲು ಬೆಳಕಿನಲ್ಲಿ, ಮೂವತ್ತೇಳು ಜನ ಇರುವಾಗ. ಈ ಸಲ ಕೈಗಳು ತೊಡೆಯ ಮೇಲಿರಲಿಲ್ಲ. ನನ್ನ ಕಡೆಗೆ ಚಾಚಿದ್ದವು. ಮುಖ ಕಾಣಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ.

ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು. ಪಕ್ಕದಲ್ಲಿ ಭಾಗಣ್ಣ ಕಾಕಾ ನನ್ನನ್ನೇ ನೋಡುತ್ತಿದ್ದರು. ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ನಾನು ತುಣುಕನ್ನು ಬಾಯಿಗೆ ಹಾಕಿಕೊಂಡುಬಿಟ್ಟೆ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಚೂರು ನುಂಗಿದ ಹಾಗೆ ಗಂಟಲಿನಲ್ಲಿ ನಿಂತಿತು. ಇನ್ನೂ ಇಳಿದಿಲ್ಲ ಅನ್ನಿಸುತ್ತದೆ.

ಮಂಗಳವಾರ, ಏಪ್ರಿಲ್ 8

ಹಳೆಯ ಪುಸ್ತಕ ಹಿಡಿದು ಭಾಗಣ್ಣ ಕಾಕಾ ಅವರ ಮನೆಗೆ ಹೋದೆ. ಆ ಪುಟ ತೆರೆದು ಮುಂದಿಟ್ಟೆ. ಅವರು ಕನ್ನಡಕ ಹುಡುಕಲಿಲ್ಲ. ಓದದೆಯೇ ಗೊತ್ತಿತ್ತು.

"ಪ್ರೀತಿಗಿ ಆಗ ಎರಡು ವರ್ಷ. ಒಂಬತ್ತು ದಿನ ಜ್ವರ, ಡಾಕ್ಟರ್ ಕೈ ಬಿಟ್ಟಿದ್ರು. ನಿಮ್ಮ ಬಾಜೂ ಮನಿ ಸೈದಾನಬಿ ನಿಮ್ಮವ್ವಗ ದರ್ಗಾಕ್ಕ ಕರಕೊಂಡ್ಹೋಗಿ ತಾಯತ ಕಟ್ಟಿಸಿದ್ಲು. ಕೂಸು ಉಳೀತು. ತಪ್ಪಾಯ್ತು ಅನ್ನು, ಇಲ್ಲಿಗೇ ಮುಗೀತದ ಅಂದ್ರು ನಿಮ್ಮಪ್ಪ. ನಿಮ್ಮವ್ವ ಏನ್ ಅಂದ್ಲು ಗೊತ್ತದೇನು? ಕೂಸು ಉಳದದ್ದಕ್ಕ ತಪ್ಪಾಯ್ತು ಅಂತ ಹ್ಯಾಂಗ ಅನ್ಲಿ, ಅಂದ್ಲು."

ಆ ಪುಟದ ಮೇಲೆ ಅಂಗೈ ಇಟ್ಟರು.

"ಸಾಯೋ ದಿನ ರೊಟ್ಟಿ ಕೇಳಿದ್ಲು ಸುಜಾತಾ. ಪಾಸ್ಟರ್ ಊರಾಗ ಇರ್ಲಿಲ್ಲ. ನಿಮ್ಮಪ್ಪನ ಕಣ್ಣಾಗ ನೀರಿತ್ತು, ನನ್ನ ಕಡಿ ನೋಡ್ದ. ನಾ ಹೂಂ ಅಂದಿದ್ರ ಕೊಡ್ತಿದ್ದ. ನಾ ಪುಸ್ತಕದಾಗ ಏನದ ಅದನ್ನ ಹೇಳ್ದೆ."

ಮೊನ್ನೆ ರವಿವಾರ ನೀವೂ ನೋಡಿದಿರಾ ಎಂದು ಕೇಳಿದೆ. ಅವರು ಪುಸ್ತಕವನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು.

"ನಾ ಕೊನೀ ಬೆಂಚಿನ ಕಡಿ ತಿರುಗಿ ನೋಡಲ್ಲ. ಇಪ್ಪತ್ತೊಂದು ವರ್ಷಾತು."

ಸೋಮವಾರ, ಏಪ್ರಿಲ್ 14

ಪ್ರೀತಿಗೆ ಫೋನು ಮಾಡಿದೆ. ಉಮಾದೇವಿ ಹೇಳಿದ್ದನ್ನೆಲ್ಲ ಹೇಳಿದೆ. ಅರ್ಜಿಯಲ್ಲಿರುವುದು ಸುಳ್ಳೆಂದು ನಿನಗೆ ಗೊತ್ತಿತ್ತೇ ಎಂದು ಕೇಳಿದೆ.

"ಗೊತ್ತಿತ್ತು ಅಕ್ಕಾ," ಎಂದಳು. "ಗೊತ್ತಿದ್ದೂ ಪ್ರತಿ ತಿಂಗಳ ರೊಟ್ಟಿ ತಿಂದೆ."

ಬಯ್ಯಬೇಕೆಂದುಕೊಂಡಿದ್ದೆ. ಬಯ್ಯಲಿಲ್ಲ. ಗುರುವಾರ ಸಂಜೆ ಬಾ ಎಂದೆ. ಆ ರೊಟ್ಟಿ ಕೊಟ್ಟವಳು ನಾನಲ್ಲ ಎಂದೂ ಹೇಳಿದೆ. ಯಾರು ಎಂದು ಅವಳು ಕೇಳಲಿಲ್ಲ. ಅಳುತ್ತಿದ್ದಳು.

ಚಹಾ ಮಾಡಿಕೊಂಡು ಕುಡಿದು ಪಾಠದ ತಯಾರಿಗೆ ಕೂತೆ.

ಗುರುವಾರ, ಏಪ್ರಿಲ್ 17

ಇಂದು ಕರ್ತನ ಕೊನೆಯ ಭೋಜನದ ನೆನಪಿನ ಆರಾಧನೆ. ಹೊತ್ತು ಮುಳುಗುವಾಗ ಶುರು. ಅರ್ಧದಲ್ಲಿ ಕರೆಂಟು ಹೋಯಿತು. ಮೇಜಿನ ಮೇಲೆ ನಾಲ್ಕು ಮೇಣದ ಬತ್ತಿ ಹಚ್ಚಿದರು. ಹಿಂದಿನ ಬೆಂಚುಗಳೆಲ್ಲ ಕತ್ತಲೆ. ಪ್ರೀತಿ ಬಂದದ್ದನ್ನು ಮೊದಲೇ ನೋಡಿದ್ದೆ. ಇವತ್ತು ನಾನು ತಲೆ ಎಣಿಸಲಿಲ್ಲ. ಇದ್ದ ರೊಟ್ಟಿಯನ್ನೆಲ್ಲ ಕತ್ತರಿಸಿ ತಂದಿದ್ದೆ.

ಎಲ್ಲರೂ ಕಟಕಟೆಗೆ ಬಂದರು. ಪಾಸ್ಟರರು ಕೊಡಲು ಕೈ ಎತ್ತಿದಾಗ ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟು ಹಿಂದಕ್ಕೆ ನಡೆದೆ. ಕತ್ತಲೆಯಲ್ಲಿ ಇಬ್ಬರು ಕೂತಿದ್ದರು, ಒಬ್ಬರ ಪಕ್ಕ ಒಬ್ಬರು. ಇಬ್ಬರ ತಲೆಯ ಮೇಲೂ ಸೆರಗು. ಯಾರು ಯಾರೆಂದು ತಿಳಿಯಲಿಲ್ಲ. ಬಾ ಎಂದು ಕೈ ಚಾಚಿದೆ. ಒಂದು ಕೈ ನನ್ನ ಕೈಯೊಳಗೆ ಬಂತು. ಹಿಮದಷ್ಟು ತಣ್ಣಗಿತ್ತು. ಬಿಡಿಸಿಕೊಂಡು ಓಡಬೇಕು ಅನ್ನಿಸಿತು. ಬಿಡಲಿಲ್ಲ. ನಡುದಾರಿಯಲ್ಲಿ ನನ್ನ ಹಿಂದೆ ಒಬ್ಬಳ ಉಸಿರು ಮಾತ್ರ ಕೇಳುತ್ತಿತ್ತು, ಆದರೆ ಇಬ್ಬರ ಹೆಜ್ಜೆ. ಬತ್ತಿಯ ಬೆಳಕಿಗೆ ಬರುವಷ್ಟರಲ್ಲಿ ಕೈ ಬೆಚ್ಚಗಾಗಿತ್ತು. ತಿರುಗಿ ನೋಡಿದೆ. ಪ್ರೀತಿ.

ಭಾಗಣ್ಣ ಕಾಕಾ ಎದ್ದು ನಿಂತರು. "ತಡೀರಿ ಅಯ್ಯನೋರ."

ಪಾಸ್ಟರರ ಕೈ ಗಾಳಿಯಲ್ಲೇ ನಿಂತಿತು. ಪ್ರೀತಿಯೇ ಮಾತಾಡಿದಳು.

"ಕಾಕಾ ತಡದದ್ದು ಸರಿ ಅದರಿ. ನಾ ಉಮಾದೇವಿಗಿ ಅನ್ಯಾಯ ಮಾಡೀನಿ. ಆಕಿ ಮ್ಯಾಲ ಹೊರಿಸಿದ ಸುಳ್ಳು ಗೊತ್ತಿದ್ದೂ ಬಾಯಿ ಮುಚ್ಚಿದ್ದೆ. ಸೋಮವಾರ ಆಕಿ ಬಾಗಿಲಿಗಿ ಹೋಗ್ತೀನಿ. ಆ ಸುಳ್ಳು ತೆಗೆಸೋತನಕ ಸಾಯಿಕುಮಾರನ ಮನಿಗಿ ಹೋಗಲ್ಲ. ಹೋಗಿ ಬಂದ್ ಮ್ಯಾಲ ಕೊಡ್ತೀವಿ ಅಂದ್ರ ಅಲ್ಲೀತನಕ ಕಾಯ್ತೀನಿ. ಆದ್ರ ಹೋಗಾಕ ನನಗ ಬಲ ಬೇಕಾಗ್ಯದ."

ಪಾಸ್ಟರರು ಕಾಕಾ ಅವರನ್ನು ನೋಡಿದರು. ಕಾಕಾ ಪ್ರೀತಿಯನ್ನು ನೋಡಲಿಲ್ಲ. ಅವಳ ಭುಜದ ಮೇಲಿನಿಂದ ಹಿಂದಕ್ಕೆ, ಕತ್ತಲೆಯೊಳಗೆ ನೋಡುತ್ತಿದ್ದರು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ. ಅವರ ತುಟಿ ಅಲುಗಿತು.

"ಕೊಡ್ರಿ," ಎಂದರು. ಆಮೇಲೆ, ಯಾರಿಗೋ ಬೇರೆಯವರಿಗೆ ಹೇಳುವ ಹಾಗೆ, "ಕೊಡ್ರಿ, ಕೊಟ್ಟುಬಿಡ್ರಿ ಆಕಿಗಿ," ಎಂದು ಕುಸಿದು ಕೂತರು.

ಎಲ್ಲರಿಗೂ ಆಯಿತು. ನಾನೂ ತಿಂದೆ. ಗಂಟಲಿನಲ್ಲಿ ಇಳಿಯಿತು.

ಕರೆಂಟು ಬಂದ ಮೇಲೆ ಚರ್ಚು ಗುಡಿಸುತ್ತಾ ಕೊನೆಯ ಬೆಂಚಿನ ಮೇಲೆ ಅಂಗೈ ಇಟ್ಟೆ. ಉಳಿದವುಗಳಷ್ಟೇ ಬಿಸಿ.

ಸೋಮವಾರ, ಏಪ್ರಿಲ್ 21

ನಿನ್ನೆ ಈಸ್ಟರ್. ಬರೆಯಲು ಪುರುಸೊತ್ತಾಗಲಿಲ್ಲ. ಪ್ರೀತಿ ನನ್ನ ಮನೆಯಲ್ಲೇ ಇದ್ದಾಳೆ. ಗೋಡೆಯ ಮೇಲಿನ ನಿಯಮಗಳ ಕಾಗದ ತೆಗೆದು, ಅದರ ಹಿಂದೆ ಕಿರಾಣಿ ಸಾಮಾನಿನ ಪಟ್ಟಿ ಬರೆದುಕೊಂಡಳು.

ಇವತ್ತು ಇಬ್ಬರೂ ಮಳಖೇಡಕ್ಕೆ ಹೋದೆವು. ಉಮಾದೇವಿ ಬಾಗಿಲು ತೆರೆದು ಪ್ರೀತಿಯನ್ನು ನೋಡಿದ ಕೂಡಲೇ ಮುಚ್ಚಿದಳು. ಅದು ನ್ಯಾಯವೇ ಆಗಿತ್ತು. ಕಟ್ಟೆಯ ಮೇಲೆ ಕೂತೆವು. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಎರಡು ತಾಸಾದ ಮೇಲೆ ಬಾಗಿಲು ತೆರೆಯಿತು.

"ಏನ್ ಬೇಕು?"

ಪ್ರೀತಿ ಎದ್ದು ನಿಂತಳು. "ನಿಮ್ಮ ಹೆಸರಿಗಿ ಹಚ್ಚಿದ ಸುಳ್ಳು ಅವನ ಬಾಯಿಲೇ ಕೋರ್ಟಿನ್ಯಾಗ ತೆಗೆಸ್ತೀನಿ. ತೆಗೀಲಿಲ್ಲಂದ್ರ ನಾನೇ ಸಾಕ್ಷಿ ಹೇಳ್ತೀನಿ. ಅದ್ರಿಂದ ಕೇಸ್ ಬಿದ್ದು ಹೋದ್ರೂ ಹೋಗ್ಲಿ. ಮಾಫಿ ಕೇಳಾಕ ಬಂದಿಲ್ರಿ. ಇದನ್ನ ಮಾಡಿದ್ ಮ್ಯಾಲ ಕೇಳ್ತೀನಿ."

"ಮೊದಲ ಮಾಡು," ಎಂದಳು ಉಮಾದೇವಿ. ಒಳಗೆ ಕರೆಯಲಿಲ್ಲ.

ರವಿವಾರ, ಏಪ್ರಿಲ್ 27

ಕಮಿಟಿ. ಆರಾಧನೆಯ ಕ್ರಮ ಮುರಿದದ್ದಕ್ಕೆ ಮೂರು ತಿಂಗಳು ನಾನು ಭೋಜನದ ತಟ್ಟೆ ಹಿಡಿಯಬಾರದು ಎಂದು ಠರಾವಾಯಿತು. ಪುಸ್ತಕದಲ್ಲಿ ನನ್ನ ಹೆಸರನ್ನು ನಾನೇ ಬರೆದೆ. ಪ್ರೀತಿಯ ಹೆಸರು ಪಟ್ಟಿಯಲ್ಲಿ ಉಳಿಯಿತು.

ಎಲ್ಲರೂ ಎದ್ದ ಮೇಲೆ ಭಾಗಣ್ಣ ಕಾಕಾ ಹಳೆಯ ಪುಸ್ತಕ ಕೇಳಿದರು. ಅವ್ವನ ಪುಟ ತೆರೆದು ಪಾಸ್ಟರರ ಮುಂದಿಟ್ಟರು. "ತಿರುಗಿ ಸೇರಿಸ್ಕೊಂಡೀವಿ ಅಂತ ಬರೀರಿ ಅಯ್ಯನೋರ."

"ತಾರೀಖು ಯಾವದ್ ಹಾಕ್ಲಿ?"

ಕಾಕಾ ಅವರಿಗೆ ತಿಳಿಯಲಿಲ್ಲ. ಪಾಸ್ಟರರೇ ಸ್ವಲ್ಪ ಯೋಚಿಸಿ, ತಾರೀಖಿನ ಜಾಗ ಬಿಟ್ಟು ಸಹಿ ಮಾಡಿದರು.

ಗುರುವಾರ, ಜೂನ್ 12. ಚಿತ್ತಾಪುರ

ಕೋರ್ಟಿನ ಆವರಣದಲ್ಲಿ ಬೇವಿನ ಕೆಳಗೆ ಕೂತು ಬರೆಯುತ್ತಿದ್ದೇನೆ. ಮುಂಜಾನೆ ಒಂದು ಮಳೆ ಬಂದು ಹೋಗಿದೆ.

ಸಾಯಿಕುಮಾರ ಏಳು ವಾರ ಹಟ ಮಾಡಿದ. ಆ ಸುಳ್ಳು ತೆಗೆಯುವವರೆಗೆ ಪ್ರೀತಿ ತಿರುಗಿ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಹೋದ ವಾರ ಒಪ್ಪಿದ. ಇವತ್ತು ಜಡ್ಜ್ ಸಾಹೇಬರ ಮುಂದೆ, ಉಮಾದೇವಿ ಎಲ್ಲಿಯೂ ಓಡಿ ಹೋಗಿರಲಿಲ್ಲ, ಬಿಟ್ಟು ಹೋದವನು ನಾನು ಎಂದು ಹೇಳಿ ಹಳೆಯ ಅರ್ಜಿ ಹಿಂದೆ ತೆಗೆದುಕೊಂಡ. ತಲೆ ಎತ್ತದೆ ಹೇಳಿದ, ಆದರೆ ಹೇಳಿದ. ಇನ್ನು ಇಬ್ಬರೂ ಒಪ್ಪಿ ಹೊಸ ಅರ್ಜಿ ಹಾಕಬೇಕು. ಅದಕ್ಕೆ ಇನ್ನೆಷ್ಟು ತಿಂಗಳೋ. ಪ್ರೀತಿ ಅವನ ಮನೆಗೆ ಹೋಗುವಳೋ ಇಲ್ಲವೋ, ನಾನು ಕೇಳಿಲ್ಲ. ಅವಳಿಗೂ ಇನ್ನೂ ತಿಳಿದ ಹಾಗಿಲ್ಲ.

ಉಮಾದೇವಿ ವರಾಂಡದಲ್ಲಿ ನಮ್ಮಿಂದ ದೂರ ನಿಂತಿದ್ದಳು. ಅರ್ಜಿ ಹಿಂದೆ ತೆಗೆದ ಕಾಗದಕ್ಕೆ ಹೆಬ್ಬೆಟ್ಟು, ಸಹಿ ಎರಡೂ ಬೇಕೆಂದು ಒಳಗಿನಿಂದ ಅವಳ ಹೆಸರು ಕೂಗಿದರು. ಅವಳ ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಆರು ವರ್ಷದ ಕಾಗದಗಳು. ಚೀಲ ಎಲ್ಲಿಡಬೇಕೆಂದು ಸುತ್ತ ನೋಡಿದಳು. ನೆಲವೆಲ್ಲ ಒದ್ದೆ. ನಾನು ಹತ್ತಿರವೇ ಇದ್ದೆ, ಕೈ ಚಾಚಿದೆ. ಅವಳು ನನ್ನನ್ನು ದಾಟಿ ಪ್ರೀತಿಯ ಮುಂದೆ ಹೋಗಿ ನಿಂತಳು.

"ಹಿಡಕೋ," ಎಂದಳು.

ಚೀಲ ಕೊಟ್ಟು ಒಳಗೆ ಹೋದಳು. ಅವಳು ಬರುವುದಕ್ಕೆ ಒಂದೂವರೆ ತಾಸಾಯಿತು. ವರಾಂಡದಲ್ಲಿ ಒಣಗಿದ ಜಾಗವಾಯಿತು, ಕುರ್ಚಿಯೂ ಖಾಲಿಯಾಯಿತು. ಪ್ರೀತಿ ಕೂಡಲಿಲ್ಲ. ಚೀಲವನ್ನು ಒಂದು ಸಲವೂ ಕೆಳಗಿಡಲಿಲ್ಲ.